ಅಮ್ಮನ ಹಣೆಯ ಬಣ್ಣ

ಕಾಲೇಜಿನ ಎರಡನೇ ವರ್ಷದಲ್ಲಿ ನನಗೊಂದು ಕೆಟ್ಟ ಚಾಳಿ ಹತ್ತಿತು. ಎದುರಿಗೆ ಸಿಕ್ಕವರ ಚರ್ಮವನ್ನೇ ದಿಟ್ಟಿಸುವುದು. ವಿಶಾಖಪಟ್ಟಣದಲ್ಲಿ ಕಾಸ್ಮೆಟಿಕ್ ಟೆಕ್ನಾಲಜಿ ಓದುತ್ತಿದ್ದೆ. "ಲಿಪ್‌ಸ್ಟಿಕ್ ಮಾಡೋಕೂ ಡಿಗ್ರಿ ಬೇಕೇನೇ?" ಎಂದು ನೆಂಟರು ಕಾಲೆಳೆಯುತ್ತಿದ್ದರು. ನಾನು ಅವರ ತುಟಿಯ ಬಿರುಕು ನೋಡುತ್ತಿದ್ದೆ.

ಅಮ್ಮನ ಮುಖವನ್ನು ಮಾತ್ರ ಸರಿಯಾಗಿ ನೋಡಿರಲಿಲ್ಲ. ಅಪ್ಪನಿಗೆ ಬ್ಯಾಂಕಿನಲ್ಲಿ ವರ್ಗವಾಗಿ, ತುಮಕೂರು ಬಿಟ್ಟು ವಿಜಯವಾಡದ ಭವಾನಿಪುರಂನಲ್ಲಿ ಮನೆ ಮಾಡಿದ್ದೆವು. ರಜೆಗೆ ಹೋದಾಗ ಒಂದು ಬೆಳಿಗ್ಗೆ ಸ್ನಾನ ಮುಗಿಸಿ ಬಂದ ಅಮ್ಮನ ಹುಬ್ಬುಗಳ ನಡುವೆ ಬಿಳಿ ಮಚ್ಚೆ ಕಂಡಿತು. ನನ್ನನ್ನು ನೋಡಿದ್ದೇ ಕನ್ನಡಿಗೆ ಅಂಟಿಸಿದ್ದ ಸ್ಟಿಕ್ಕರ್ ಕಿತ್ತು ಹಣೆಗೆ ಒತ್ತಿಕೊಂಡಳು. ಮಚ್ಚೆ ಬೆಳೆದಂತೆ ಸ್ಟಿಕ್ಕರೂ ದೊಡ್ಡದಾಗಿತ್ತು.

ಕಾಲೇಜಿನಲ್ಲಿ ಇದೇ ಪಾಠ ನಮಗಾಗಿತ್ತು. ಕೆಲವು ಸ್ಟಿಕ್ಕರ್‌ಗಳ ಅಂಟು ಚರ್ಮದ ಬಣ್ಣವನ್ನೇ ಕೊಲ್ಲುತ್ತದೆ. ಅಂಟಿಸುತ್ತ ಹೋದರೆ ಮಚ್ಚೆ ಹರಡುತ್ತದೆ. "ಇವತ್ತೇ ಬಿಡು, ಡಾಕ್ಟರ್ ಹತ್ರ ಹೋಗೋಣ" ಎಂದು ರೇಗಿದೆ.

"ನಿನ್ನ ಮದುವೆ ಆಗ್ಲಿ, ಬಿಡ್ತೀನಿ. ತೊನ್ನು ಅಂದ್ಕೊಂಡ್ರೆ ನಮ್ಮನೆ ಹೆಣ್ಣು ಯಾರು ತಗೋತಾರೆ?"

"ತೊನ್ನಾದ್ರೆ ತಾನೇ ಏನು? ಯಾರಿಗಾದ್ರೂ ಅಂಟುತ್ತಾ?"

ಅಮ್ಮ ಒಲೆಯ ಕಡೆ ತಿರುಗಿದಳು. ನನಗಾಗಿ ಹಣೆ ಸುಟ್ಟುಕೊಳ್ಳುತ್ತಿದ್ದಾಳೆ ಎಂದು ಮೈಯೆಲ್ಲ ಉರಿಯಿತು. ವಿಶಾಖಪಟ್ಟಣಕ್ಕೆ ಮರಳಿದರೂ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಫೋನಿನಲ್ಲಿ ಊಟವಾಯಿತೇ ಎನ್ನುವ ಮೊದಲೇ "ಬಿಟ್ಟೆಯಾ?" ಎನ್ನುತ್ತಿದ್ದೆ. "ಹ್ಞೂಂ" ಎನ್ನುತ್ತಿದ್ದಳು. ಅಪ್ಪಟ ಸುಳ್ಳು.

ಕಡೆಗೆ ಪ್ರಾಜೆಕ್ಟಿಗೆ ಮಚ್ಚೆ ಮುಚ್ಚುವ ಕ್ರೀಮನ್ನೇ ಆರಿಸಿಕೊಂಡೆ. ಮುಚ್ಚಲು ಬೇರೆ ದಾರಿ ಸಿಕ್ಕರೆ ಅಂಟು ಬಿಟ್ಟಾಳೆಂಬ ಆಸೆ. ಕೆಂಪು, ಹಳದಿ, ಕಪ್ಪು ಪುಡಿಗಳನ್ನು ಅರೆದು ಅರೆದು ಅಮ್ಮನ ಬಣ್ಣ ಹುಡುಕಿದೆ. ಹುಟ್ಟಿದಾಗಿನಿಂದ ನೋಡಿದ ಮುಖ, ಬಣ್ಣ ಮಾತ್ರ ನೆನಪಿಗೆ ಬಾರದು! ಒಮ್ಮೆ ಇಟ್ಟಿಗೆಯಾಯಿತು, ಒಮ್ಮೆ ಬೂದಿ. ಸಮುದ್ರದ ಜಿಗುಟು ಗಾಳಿಗೆ ಕೈಮೇಲೆ ಹಚ್ಚಿದ್ದು ಒಣಗುತ್ತಲೂ ಇರಲಿಲ್ಲ. ತಾಳ್ಮೆಗೆಟ್ಟು, ಡಬ್ಬಿಗಳನ್ನೆಲ್ಲ ಚೀಲಕ್ಕೆ ತುಂಬಿ ವಿಜಯವಾಡದ ರೈಲು ಹತ್ತಿದೆ. ಬಾಲ್ಕನಿಯ ಬೆಳಕಿನಲ್ಲಿ ಅಮ್ಮನನ್ನು ಕೂರಿಸಿ, ಬೆರೆಸಿ, ಹಚ್ಚಿದೆ. ಮಚ್ಚೆ ಮಾಯವಾಯಿತು. ಅಮ್ಮ ಕನ್ನಡಿ ಬಿಟ್ಟು ಏಳಲೇ ಇಲ್ಲ.

ಅದೇ ಸಂಜೆ ಪಕ್ಕದ ಬೀದಿಯಲ್ಲಿ ಪೇರಂಟಂ, ಅಂದರೆ ನಮ್ಮ ಅರಿಶಿನ ಕುಂಕುಮ. ಅಮ್ಮ ಸ್ಟಿಕ್ಕರಿಲ್ಲದೆ ಹೊರಟಳು, ಜೊತೆಗೆ ನಾನು. ಅಲ್ಲಿ ಕುಂಕುಮ ಇಡುವುದು ಮನೆಯೊಡತಿ ಎಂಬುದು ಕ್ರೀಮಿನ ಖುಷಿಯಲ್ಲಿ ಇಬ್ಬರಿಗೂ ಹೊಳೆದಿರಲಿಲ್ಲ. ಸೆಕೆಗೆ ಮೆತ್ತಗಾಗಿದ್ದ ಕ್ರೀಮು ಆಕೆಯ ಬೆರಳಿಗೆ ಹತ್ತಿಕೊಂಡು ಬಂತು. ಬಿಳಿ ಇಣುಕಿತು. ಆಕೆ ಕೈ ಹಿಂದೆಗೆದರು. ಕೂತಿದ್ದ ಹೆಂಗಸರು ಕತ್ತು ಚಾಚಿ ನೋಡಿದರು. ನೆಲ ಬಾಯಿಬಿಡಬಾರದೇ ಅನ್ನಿಸಿತು ನನಗೆ.

ಅಮ್ಮ ಸೆರಗಿನಿಂದ ಉಳಿದ ಕ್ರೀಮನ್ನೂ ಒರೆಸಿಕೊಂಡಳು. ತನ್ನ ಹರಕು ತೆಲುಗಿನಲ್ಲೇ, ಇದು ಸ್ಟಿಕ್ಕರಿನ ಗಮ್ಮಿನಿಂದ ಆದದ್ದು, ಯಾರಿಗೂ ಅಂಟುವುದಿಲ್ಲ, ನನ್ನ ಮಗಳು ಇದನ್ನೇ ಓದುತ್ತಿದ್ದಾಳೆ, ನೀವೂ ನಿಮ್ಮ ಹಣೆ ನೋಡಿಕೊಳ್ಳಿ ಎಂದಳು. ಮತ್ತೆ ಮುಖ ಮುಂದೆ ಚಾಚಿದಳು. ಮನೆಯೊಡತಿ ಒಂದು ಗಳಿಗೆ ತಡೆದು, ಕುಂಕುಮ ಇಟ್ಟರು.

ಮನೆಗೆ ನಡೆಯುವಾಗ, "ಇನ್ನು ನನ್ನ ಮದುವೆ?" ಎಂದು ಕೆಣಕಿದೆ.

"ನನ್ನ ಹಣೆ ನೋಡಿ ಬೇಡ ಅನ್ನೋರ ಮನೆಗೆ ನಿನ್ನ ಕೊಡೋದೂ ಬೇಡ" ಎಂದಳು ಅಮ್ಮ.

ನನಗೆ ಬೀದಿಯಲ್ಲೇ ಅಳು ಬಂತು. ಅಮ್ಮ ಮಾತ್ರ, ನಾಳೆ ಡಾಕ್ಟರ್ ಎಷ್ಟು ಹೊತ್ತಿಗೆ ಸಿಗುತ್ತಾರೆ ಎಂದು ಕೇಳುತ್ತಿದ್ದಳು.