ದೊಡ್ಡತ್ತೆಯ ಧೈರ್ಯ

ನಮ್ಮ ದೊಡ್ಡತ್ತೆಯ ಪ್ರಕಾರ ಡಾಕ್ಟರುಗಳು ಇರುವುದೇ ಬಾಣಂತಿಯರನ್ನು ಹೆದರಿಸಲಿಕ್ಕೆ. ಅತ್ತಿಗೆಯ ಕೂಸು ಸೀನಿದರೆ "ಮೂಗು ಚೊಕ್ಕ ಮಾಡ್ಕೊಳ್ತಿದೆ", ಬಿಕ್ಕಳಿಸಿದರೆ "ಬೆಳೀತಿದೆ", ಸಂಜೆಯೆಲ್ಲ ಕಿರುಚಿದರೆ "ಅಪ್ಪನ ಗಂಟಲು, ಏನ್ಮಾಡೋದು!" ಅತ್ತಿಗೆ ಆಸ್ಪತ್ರೆಗೆ ಫೋನ್ ಮಾಡಹೊರಟರೆ ಫೋನನ್ನೇ ಕಸಿದು ದಿಂಬಿನಡಿ ಇಟ್ಟುಕೊಳ್ಳುತ್ತಾರೆ. ಮೊನ್ನೆ ಕೂಸು ಹಾಲಿಗೂ ಏಳದೆ ಮಲಗಿತ್ತು. ಅಂತೂ ಜಾಣ ಆಯ್ತೆಂದು ಅತ್ತಿಗೆ ನೆಮ್ಮದಿಯಾಗಿ ತಲೆ ಬಾಚಿಕೊಳ್ಳುತ್ತಿದ್ದಳು. ದೊಡ್ಡತ್ತೆ ಕೂಸಿನ ಅಂಗಾಲು ತಿಕ್ಕಿದರು, ಕೈ ಎತ್ತಿ ಬಿಟ್ಟರು. ಅದು ಸುಮ್ಮನೆ ಬಿತ್ತು. "ನಡಿಯೇ ಆಸ್ಪತ್ರೆಗೆ" ಎಂದವರೇ ಕೂಸನ್ನೆತ್ತಿಕೊಂಡು ಬರಿಗಾಲಲ್ಲಿ ಬೀದಿಗಿಳಿದರು. ಸೋಂಕಂತೆ, ಸಮಯಕ್ಕೆ ತಂದಿದ್ದರಿಂದ ಕೂಸು ಉಳಿಯಿತು. "ನಿಮಗೆ ಹೇಗೆ ಗೊತ್ತಾಯ್ತು?" ಎಂದಳು ಅತ್ತಿಗೆ. ಮಕ್ಕಳೇ ಆಗಲಿಲ್ಲವೆಂದು ನಾವೆಲ್ಲ ತಿಳಿದಿದ್ದ ದೊಡ್ಡತ್ತೆ ಮೆಲ್ಲಗೆ ಹೇಳಿದರು: "ನಂದೂ ಹೀಗೇ ಮಲಗಿತ್ತು ಕಣೇ. ಸದ್ಯ, ಕೆಲಸ ಮುಗಿಯುತ್ತೆ ಅಂತ ನಾನು ಬಟ್ಟೆ ಒಗೀತಾ ಕೂತೆ."