ಪಟಕದ ಗಂಟಿನ ಫ್ಯೂಜ್

ಜುಗೂಳದ ಹೊಳೆಯಲ್ಲಿ ನಮಗೂ ಬಾಜೂ ಹೊಲದ ಕಾಕಾರಿಗೂ ಪಾಲಿನಲ್ಲಿ ಒಂದೇ ಮೋಟರ್ ಇತ್ತು. ಮೋಟರಿಗೆ ಸಿಕ್ಕ ಕಳೆ ಬಿಡಿಸಲು ನೀರಿಗಿಳಿಯುವ ಮೊದಲು ಕಾಕಾ ದಂಡೆಯ ಪೆಟ್ಟಿಗೆ ತೆರೆದು ಮೂರೂ ಫ್ಯೂಜ್ ಕಿತ್ತು, ಅವನ್ನು ಪಟಕದ ಚುಂಗಿನಲ್ಲಿ ಗಂಟು ಕಟ್ಟಿ ತಲೆಗೆ ಸುತ್ತಿಕೊಳ್ಳುತ್ತಿದ್ದರು. "ಮೋಟರಿಗೆ ಕಣ್ಣಿಲ್ಲಪಾ," ಎನ್ನುತ್ತಿದ್ದರು.

ನಾನು ಏಳನೇ ಇಯತ್ತೆಗೇ ಸಾಲಿ ಬಿಟ್ಟವನು. ಆದರೂ ನಮ್ಮ ಓಣಿಯಲ್ಲಿ ಮೊದಲು ಮೊಬೈಲ್ ಸ್ಟಾರ್ಟರ್ ಕೂಡಿಸಿದವನು ನಾನೇ, ಅದೂ ನನ್ನ ಕೈಯಾರೆ.

"ಇನ್ನ ಮನ್ಯಾಗ ಕುಂತ ಬಟನ್ ಒತ್ತಿದ್ರ ಸಾಕ್ರಿ ಕಾಕಾ."

"ಹೊಳ್ಯಾಗ ಯಾರದಾರಂತ ನಿನ್ನ ಫೋನಿಗೆ ಕಾಣತೈತೇನು?"

"ಹಿಂಗ ಅಂಜಿದ್ರ ಕೊಡದಾಗ ನೀರ ಹೊರಬೇಕಾಗ್ತೈತಿ ನೋಡ್ರಿ!"

ಕಾಕಾ ನಕ್ಕುಬಿಟ್ಟರು.

ಒಂದು ಮಧ್ಯಾಹ್ನ ಐನಾಪುರದ ಪೇಟೆಯಲ್ಲಿ ನಿಂತು ಬಟನ್ ಒತ್ತಿದೆ. ಮೋಟರ್ ಚಾಲೂ ಆಗಿಲ್ಲವೆಂದು ಫೋನಿಗೆ ಮೆಸೇಜ್ ಬಂತು. ನಾಲ್ಕು ಸಲ ಒತ್ತಿದೆ. ಕಾಕಾ ಫ್ಯೂಜ್ ಕಿತ್ತು ತಿರುಗಿ ಹಾಕಲು ಮರೆತಿರಬೇಕೆಂದು ಸಿಟ್ಟು ಬಂತು. ಗಾಡಿ ಹೊಡೆದುಕೊಂಡು ಸೀದಾ ಹೊಳೆಗೆ ಬಂದೆ.

ಕಾಕಾ ಎದೆಮಟ್ಟದ ನೀರಲ್ಲಿ ನಿಂತು, ಮೋಟರಿಗೆ ಸುತ್ತಿಕೊಂಡ ಕಳೆ ಬಿಡಿಸುತ್ತಿದ್ದರು. ಕಳೆ ಜಗ್ಗಿದಾಗ ಸುಲಿದ ವೈರೊಂದು ಅವರ ಕೈಗೇ ಬಂತು. ಅದನ್ನು ಎತ್ತಿ ನನಗೆ ತೋರಿಸಿದರು.

"ಎಷ್ಟ ಸಲ ಒತ್ತಿದ್ಯೋ ತಮ್ಮಾ?"

"ನಾಕ ಸಲ್ರಿ."

ಅವರು ತಲೆಯ ಗಂಟು ಮುಟ್ಟಿ ನೋಡಿಕೊಂಡರು. "ಹಂಗಾರ ನಾಕ ಸಲ ಸಾಯತಿದ್ನೆಪಾ. ಬಾ, ಇಳಿ. ಕಳೆ ಭಾಳ ಐತಿ."

ಫೋನನ್ನು ದಂಡೆಯ ಮೇಲಿಟ್ಟೆ. ಪೆಟ್ಟಿಗೆ ತೆರೆದು, ಫ್ಯೂಜಿನ ಮೂರೂ ಜಾಗ ಖಾಲಿ ಇರುವುದನ್ನು ಕಣ್ಣಾರೆ ನೋಡಿ, ಆಮೇಲೆ ನೀರಿಗಿಳಿದೆ.