ಅಂಕಿ ಅಳಿಸಿದ ವಾಲ್ವುಗಳು

ತೇನಿ ಹತ್ತಿರದ ಚಿನ್ನಮನೂರಿನ ಬಸ್ ನಿಲ್ದಾಣದ ಹಿಂದೆ ನನ್ನ ಚಿಕ್ಕಪ್ಪನ ರೇಡಿಯೊ ರಿಪೇರಿ ಅಂಗಡಿ ಇತ್ತು. ತೊಂಬತ್ತರ ದಶಕದ ಕೊನೆಗೆ ರೇಡಿಯೊ ತರುವವರೇ ಕಡಿಮೆಯಾಗಿ ಅವರು ಟೀವಿ, ಮಿಕ್ಸಿಗಳಲ್ಲಿ ದಿನ ತಳ್ಳುತ್ತಿದ್ದರು. ಆದರೂ ಎಂದೋ ಮದ್ರಾಸಿನ ಸೈನ್ಯದ ಹಳೆ ಸಾಮಾನಿನ ಹರಾಜಿನಿಂದ ತರಿಸಿದ, ಹಳೆ ರೇಡಿಯೊಗಳೊಳಗೆ ಬಲ್ಬಿನಂತೆ ಉರಿಯುವ ನಲವತ್ತೋ ಐವತ್ತೋ ಗಾಜಿನ ವಾಲ್ವುಗಳನ್ನು ಯಾರಿಗೂ ಕೊಟ್ಟಿರಲಿಲ್ಲ. ರಟ್ಟಿನ ಡಬ್ಬಿಗಳನ್ನು ಗೆದ್ದಲು ತಿಂದಿತ್ತು. ಯಾವುದು ಯಾವ ವಾಲ್ವು ಎಂಬುದಕ್ಕೆ ಗಾಜಿನ ಮೇಲಿನ ಬಿಳಿ ಅಂಕಿಗಳಷ್ಟೇ ಗುರುತು.

ಒಂದು ದಿನ ದಿಂಡಿಗಲ್‌ನ ವ್ಯಾಪಾರಿಯೊಬ್ಬರಿಂದ ಸುದ್ದಿ ಬಂತು: ವಾಯುಪಡೆಯ ಹಳೆಯ ಬಾಂಬರ್ ವಿಮಾನಕ್ಕೆ ಬಿಡಿಭಾಗ ಹುಡುಕುವ ಬೆಂಗಳೂರಿನವರೊಬ್ಬರು ಬರುತ್ತಾರೆ. ಆ ವಿಮಾನ ಚಿಕ್ಕಪ್ಪನ ಮದುವೆಗೂ ಮೊದಲಿನಿಂದ ಹಾರುತ್ತಿತ್ತಂತೆ. ಅದರ ರೇಡಿಯೊದ ವಾಲ್ವನ್ನು ಈಗ ಯಾರೂ ಮಾಡುತ್ತಿರಲಿಲ್ಲ.

“ನೋಡು ತಂಬಿ, ನಮ್ಮಂಗಡಿ ಸಾಮಾನು ಮ್ಯಾಲೆ ಹಾರ್ತದೆ,” ಎಂದರು ಚಿಕ್ಕಪ್ಪ.

“ನೀವೇ ಇನ್ನಾ ತೇನಿ ದಾಟ್ಲಿಲ್ಲ,” ಎಂದಳು ಚಿಕ್ಕಮ್ಮ.

ಬೆಂಗಳೂರಿನವರು ಬರುವ ಹಿಂದಿನ ದಿನ ಆಯುಧಪೂಜೆ. ಚಿಕ್ಕಪ್ಪ ಮೀಟರು, ಸ್ಕ್ರೂಡ್ರೈವರುಗಳ ಜೊತೆ ಒಂದೊಂದು ವಾಲ್ವಿಗೂ ಗಂಧ ಹಚ್ಚಿ ಕುಂಕುಮವಿಟ್ಟರು. ಮಧುರೆಯಲ್ಲಿ ಭೌತಶಾಸ್ತ್ರ ಓದುತ್ತಿದ್ದ ನನಗೆ ನಾಚಿಕೆಯಾಯಿತು. ವಾಯುಪಡೆಯ ವಸ್ತುವಿಗೆ ಬೊಟ್ಟೇ? ಮರುದಿನ ಬೆಳಿಗ್ಗೆ ಚಿಕ್ಕಪ್ಪ ಸ್ನಾನಕ್ಕೆ ಹೋದಾಗ ಒದ್ದೆ ಬಟ್ಟೆಯಲ್ಲಿ ಎಲ್ಲವನ್ನೂ ಒರೆಸಿಟ್ಟೆ. ಗಂಧದೊಂದಿಗೆ ಅಂಕಿಗಳೂ ಹೋದವು. ಅದು ಒರೆಸುವಾಗಲೇ ಕಂಡಿತೋ, ಆಮೇಲೋ, ಈಗ ಹೇಳಲಾರೆ.

ಬಂದವರು ಒಂದೊಂದನ್ನೂ ಬೆಳಕಿಗೆ ಹಿಡಿದು ತಿರುಗಿಸಿದರು. “ನಂಬರ್ ಎಲ್ಲಿ ಯಜಮಾನ್ರೇ?”

ಚಿಕ್ಕಪ್ಪ ಒಂದನ್ನು ತೆಗೆದುಕೊಂಡರು. ಒಳಗಿನ ಲೋಹದ ತಗಡುಗಳನ್ನಷ್ಟೇ ನೋಡಿ ನಂಬರ್ ಹೇಳಿದರು. ಇನ್ನೊಂದು, ಮತ್ತೊಂದು. ಎಲ್ಲೂ ತಡವರಿಸಲಿಲ್ಲ.

“ನಿಮ್ಮ ಮೇಲೆ ನಂಬಿಕೆ ಇದೆ. ಆದ್ರೆ ವಿಮಾನದಲ್ಲಿ ಕೂರೋನಿಗೆ ನಾನೇನು ಹೇಳ್ಲಿ? ಗುರುತಿಲ್ದೆ ಇದ್ರೆ ಅಲ್ಲಿ ಪರೀಕ್ಷೆಗೂ ತಗೊಳ್ಳಲ್ಲ. ಯಾರು ಒರೆಸಿದ್ದು?”

ಚಿಕ್ಕಪ್ಪ ನನ್ನ ಕಡೆ ನೋಡಲಿಲ್ಲ. “ನಾನೇ ಸಾರ್. ಪೂಜೆ ಆಯ್ತಲ್ಲಾಂತ ಒರಸ್ಬುಟ್ಟೆ.”

ಅವರು ಕಾಫಿ ಕುಡಿದು ಹೊರಟರು. ಚಿಕ್ಕಪ್ಪ ಸಂಜೆಯವರೆಗೆ ಕೂತು, ಪ್ರತಿ ವಾಲ್ವಿಗೂ ಪೆನ್ಸಿಲಿನಲ್ಲಿ ನಂಬರ್ ಬರೆದ ಚೀಟಿ ಕಟ್ಟಿದರು. ಯಾರೂ ಕೇಳಿಕೊಂಡು ಬರಲಿಲ್ಲ.

ಚಿಕ್ಕಮ್ಮ ಇಂದಿಗೂ ಹೇಳುವುದು ಬೇರೆ. “ಅವ್ರೇ ಒರೆಸ್ದೋರು. ನೀನಾವತ್ತು ಎದ್ದೇ ಇರ್ಲಿಲ್ಲಪ್ಪಾ.” ಕೆಂಪಾದ ಬಟ್ಟೆ ನನಗೆ ನೆನಪಿದೆ. ಆದರೆ ತಪ್ಪಿತಸ್ಥ ಮನಸ್ಸು ಬಟ್ಟೆಗೆ ಬಣ್ಣ ಹಚ್ಚದೆ ಬಿಟ್ಟೀತೇ? ಚಿಕ್ಕಪ್ಪ ಬದುಕಿದ್ದಾಗ ಕೇಳಬಹುದಿತ್ತು, ಕೇಳಲಿಲ್ಲ.

ಒಂದು ವಾಲ್ವು ನನ್ನ ಮೇಜಿನ ಮೇಲಿದೆ. ಕಳೆದ ಮಾರ್ಗಳಿ ತಿಂಗಳ ಚಳಿಯಲ್ಲಿ ಧೂಳು ತೆಗೆಯಲೆಂದು ಅದಕ್ಕೆ ಬಾಯಿಯ ಆವಿ ಊದಿದೆ. ಮಂಜಾದ ಗಾಜಿನ ಮೇಲೆ ಅಂಕಿಗಳು ಮೂಡಿದವು. ಅಚ್ಚು ಹೋದರೂ ಅದರ ಜಾಡು ಗಾಜಿನಲ್ಲಿ ಉಳಿದಿತ್ತು. ಅಂದು ಇದು ಗೊತ್ತಿದ್ದರೆ ಬಂದವರು ಒಪ್ಪುತ್ತಿದ್ದರೋ ಇಲ್ಲವೋ.

ಆವಿ ಆರುವ ಮೊದಲು ಎರಡು ಸಲ ಓದಿಕೊಂಡೆ. ಆಮೇಲೆ ಚೀಟಿಯನ್ನು ತಿರುಗಿಸಿ ನೋಡಿದೆ. ಚಿಕ್ಕಪ್ಪ ಬರೆದದ್ದೂ ಅದೇ.